ಪಿಸಿ ಗೇಮ್ ಪ್ಲೇಸ್ಟೇಷನ್‌ಗೆ ಯಾಕೆ ಬರುವುದಿಲ್ಲ? ‘ಒಂದು ಬಟನ್ ಒತ್ತಿದರೆ ಸಾಕು’ ಎಂಬುದು ಎಷ್ಟು ನಿಜ?

ಗೇಮ್ ಆಡುವ ಹುಡುಗರಿರುವ ಯಾವ ವಾಟ್ಸಾಪ್ ಗುಂಪನ್ನೇ ನೋಡಿ, ಎರಡು ಬಗೆಯ ಸಂದೇಶಗಳು ಆಗಾಗ ಸುತ್ತುತ್ತಿರುತ್ತವೆ. ಒಂದು ಸಿಟ್ಟಿನದು: ‘ಈ ಗೇಮ್ ಪಿಸಿಯಲ್ಲಿದೆ, ಪ್ಲೇಸ್ಟೇಷನ್‌ನಲ್ಲಿ ಯಾಕಿಲ್ಲ? ಕಂಪನಿಯವರಿಗೆ ಸೋಮಾರಿತನ. ಒಂದು ಬಟನ್ ಒತ್ತಿದರೆ ಆಗುವ ಕೆಲಸ ಇದು.’ ಇನ್ನೊಂದು ಆಸೆಯದು: ‘ಪಿಸಿಯ ದುಬಾರಿ ಗೇಮ್ ಈಗ ನಿಮ್ಮ ಮೊಬೈಲ್‌ನಲ್ಲೇ ಉಚಿತ! ಲಿಂಕ್ ಒತ್ತಿ, ಇನ್‌ಸ್ಟಾಲ್ ಮಾಡಿ, ಹತ್ತು ಜನರಿಗೆ ಕಳಿಸಿ.’

ಇವೆರಡೂ ಬೇರೆ ಬೇರೆ ಸಂದೇಶಗಳಂತೆ ಕಂಡರೂ ಬೇರು ಒಂದೇ. ಬಟನ್ ಒತ್ತಿದರೆ ಗೇಮ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುತ್ತದೆ ಎಂದು ನಂಬಿದವರಿಗೆ, ಯಾರೋ ಜಾಣ ಆ ಬಟನ್ ಒತ್ತಿ ಫೈಲ್ ಹಂಚುತ್ತಿದ್ದಾನೆ ಎಂದು ನಂಬುವುದೂ ಕಷ್ಟವಲ್ಲ. ಎರಡನೇ ಸಂದೇಶವನ್ನು ನಂಬಿದರೆ ಹೋಗುವುದು ಸಮಯ ಮಾತ್ರವಲ್ಲ, ಬ್ಯಾಂಕ್ ಖಾತೆಯ ಹಣವೂ ಹೋಗಬಹುದು. ಹಾಗಾಗಿ ಇದನ್ನು ಬುಡದಿಂದಲೇ ನೋಡೋಣ.

ಚುಟುಕಾಗಿ ಹೇಳುವುದಾದರೆ: ಪಿಸಿ ಗೇಮ್ ಅನ್ನು ಕನ್ಸೋಲ್‌ಗೆ ತರುವುದು ಫೈಲ್ ಕಾಪಿ ಮಾಡಿದಂತಲ್ಲ. ಆಟವನ್ನು ಬೇರೆ ಕೈಗೆ, ಬೇರೆ ಪರದೆಗೆ, ಬೇರೆ ಯಂತ್ರಕ್ಕೆ, ಬೇರೆ ಅಂಗಡಿಯ ನಿಯಮಕ್ಕೆ ಮತ್ತೆ ಹೊಂದಿಸಬೇಕು. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ಮೊಬೈಲ್‌ಗೆ ತರುವುದಾದರೆ ಕೆಲಸ ಇನ್ನೂ ಹೆಚ್ಚು.

## ಪಿಸಿಗೂ ಕನ್ಸೋಲ್‌ಗೂ ಏನು ವ್ಯತ್ಯಾಸ?

ಪಿಸಿ ಎಂದರೆ ನಮ್ಮ ಮನೆಯ, ಆಫೀಸಿನ ಕಂಪ್ಯೂಟರ್. ಒಬ್ಬೊಬ್ಬರ ಪಿಸಿಯಲ್ಲಿ ಒಂದೊಂದು ಪ್ರೊಸೆಸರ್, ಒಂದೊಂದು ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ಬೇಕಾದರೆ ರ‍್ಯಾಮ್ ಹೆಚ್ಚಿಸಿಕೊಳ್ಳಬಹುದು. ಗೇಮ್ ಅನ್ನು ಯಾವ ಅಂಗಡಿಯಿಂದ ಬೇಕಾದರೂ ಕೊಳ್ಳಬಹುದು. ಆಡುವುದು ಕೀಬೋರ್ಡ್ ಮತ್ತು ಮೌಸ್ ಹಿಡಿದು.

ಕನ್ಸೋಲ್ ಎಂದರೆ ಗೇಮ್ ಆಡುವುದಕ್ಕೆಂದೇ ಮಾಡಿದ ಪೆಟ್ಟಿಗೆ. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊದ ಸ್ವಿಚ್ ಇವತ್ತಿನ ಮುಖ್ಯ ಕನ್ಸೋಲ್‌ಗಳು. ಒಂದು ಮಾದರಿಯ ಎಲ್ಲ ಪೆಟ್ಟಿಗೆಗಳ ಒಳಗೂ ಒಂದೇ ಯಂತ್ರ. ಅದನ್ನು ಮಾಡಿದ ಕಂಪನಿಯೇ ಅದರ ಗೇಮ್ ಅಂಗಡಿಯ ಕಾವಲುಗಾರ. ಆಡುವುದು ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಿಂದ, ಸಾಮಾನ್ಯವಾಗಿ ಟಿವಿಯ ಮುಂದೆ ಕೂತು.

## ನಂಬಿಕೆ 1: ‘ಕನ್ಸೋಲ್‌ಗೆ ಅಷ್ಟು ಶಕ್ತಿ ಇಲ್ಲ’

ಇದು ಅರ್ಧ ನಿಜ.

ಕನ್ಸೋಲ್ ಬಳಗ ವರ್ಷಗಳಿಂದ ಆಸೆಪಡುತ್ತಿರುವ ಗೇಮ್‌ಗಳ ಪಟ್ಟಿಯನ್ನು ನೋಡಿ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಪಿಸಿಗೆ ಬಂದದ್ದು 2004ರಲ್ಲಿ. ‘ಲೀಗ್ ಆಫ್ ಲೆಜೆಂಡ್ಸ್’ ಬಂದದ್ದು 2009ರಲ್ಲಿ, ‘ಡೋಟಾ 2’ 2013ರಲ್ಲಿ. ಇವು ಯಾವುವೂ ಕನ್ಸೋಲ್‌ಗೆ ಬಂದಿಲ್ಲ. ಆದರೆ ಇವು ಭಾರೀ ಯಂತ್ರ ಕೇಳುವ ಗೇಮ್‌ಗಳಲ್ಲ, ಸಾಧಾರಣ ಕಂಪ್ಯೂಟರ್‌ನಲ್ಲೂ ಓಡುತ್ತವೆ. 8 ಕೋರ್‌ಗಳ ಪ್ರೊಸೆಸರ್ ಮತ್ತು 16 ಜಿಬಿ ಮೆಮೊರಿ ಇರುವ ಪ್ಲೇಸ್ಟೇಷನ್ 5ಕ್ಕೆ ಇವನ್ನು ಓಡಿಸುವ ಶಕ್ತಿ ಧಾರಾಳವಾಗಿದೆ. ಅಂದರೆ ತಡೆ ಬೇರೆಲ್ಲೋ ಇದೆ.

ಶಕ್ತಿಯೇ ಸಮಸ್ಯೆಯಾದ ಉದಾಹರಣೆಗಳೂ ಇವೆ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್‌ನಲ್ಲಿ ಪಿಸಿಗೂ ಕನ್ಸೋಲ್‌ಗೂ ಒಟ್ಟಿಗೇ ಬಂತು. ಒಳ್ಳೆಯ ಪಿಸಿಯಲ್ಲಿ ಸುಮಾರಾಗಿ ಓಡಿದ ಗೇಮ್, 2013ರ ಕಾಲದ ಪ್ಲೇಸ್ಟೇಷನ್ 4ರಲ್ಲಿ ಪದೇಪದೇ ನಿಂತುಹೋಗುತ್ತಿತ್ತು. ಅದೇ ತಿಂಗಳು ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣ ವಾಪಸ್ ಕೊಡುವುದಾಗಿ ಹೇಳಿತು. ಗೇಮ್ ಅಂಗಡಿಗೆ ಮರಳಿದ್ದು 2021ರ ಜೂನ್‌ನಲ್ಲಿ.

‘ಬಾಲ್ಡರ್ಸ್ ಗೇಟ್ 3’ರ ಕಥೆ ಇನ್ನೊಂದು ಬಗೆಯದು. 2023ರ ಆಗಸ್ಟ್‌ನಲ್ಲಿ ಪಿಸಿಗೆ, ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದ ಈ ಗೇಮ್ ಎಕ್ಸ್‌ಬಾಕ್ಸ್‌ಗೆ ಬಂದದ್ದು ಡಿಸೆಂಬರ್‌ನಲ್ಲಿ. ಎಕ್ಸ್‌ಬಾಕ್ಸ್‌ನಲ್ಲಿ ಎರಡು ಮಾದರಿಗಳಿವೆ. ದೊಡ್ಡದರಲ್ಲಿ 16 ಜಿಬಿ ಮೆಮೊರಿ, ಅಗ್ಗದ ‘ಸೀರೀಸ್ ಎಸ್’ನಲ್ಲಿ 10 ಜಿಬಿ ಮಾತ್ರ. ಟಿವಿ ಪರದೆಯನ್ನು ಎರಡು ಭಾಗ ಮಾಡಿಕೊಂಡು ಇಬ್ಬರು ಆಡುವ ಸೌಲಭ್ಯ ಈ ಚಿಕ್ಕ ಪೆಟ್ಟಿಗೆಯಲ್ಲಿ ಸರಿಯಾಗಿ ಓಡಲಿಲ್ಲ. ಕೊನೆಗೆ ಆ ಸೌಲಭ್ಯವನ್ನು ಸೀರೀಸ್ ಎಸ್‌ನಲ್ಲಿ ಕೈಬಿಟ್ಟೇ ಗೇಮ್ ಬಿಡುಗಡೆಯಾಯಿತು. ಪಿಸಿಯಲ್ಲಾದರೆ ‘ಕನಿಷ್ಠ ಇಷ್ಟು ಮೆಮೊರಿ ಬೇಕು’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಕನ್ಸೋಲ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಆ ಮಾದರಿ ಕೊಂಡ ಪ್ರತಿಯೊಬ್ಬರ ಮನೆಯಲ್ಲೂ ಓಡಲೇಬೇಕು.

## ನಿಜವಾದ ಮೊದಲ ತಡೆ: ನಮ್ಮ ಕೈ

ನಿಮ್ಮ ಮನೆಯ ಸ್ಮಾರ್ಟ್ ಟಿವಿಯಲ್ಲಿ ಯೂಟ್ಯೂಬ್ ತೆರೆದು, ರಿಮೋಟ್‌ನ ಬಾಣದ ಗುರುತುಗಳನ್ನು ಒತ್ತುತ್ತಾ ಒಂದು ಹಾಡಿನ ಹೆಸರು ಟೈಪ್ ಮಾಡಿ ನೋಡಿ. ಅದೇ ಹೆಸರನ್ನು ಫೋನ್‌ನಲ್ಲಿ ಟೈಪ್ ಮಾಡಿ. ಆ್ಯಪ್ ಒಂದೇ, ಅಕ್ಷರಗಳೂ ಒಂದೇ. ಟಿವಿಗೆ ಶಕ್ತಿ ಕಡಿಮೆ ಎಂದು ನಿಧಾನವಾಗಲಿಲ್ಲ, ಕೈಯಲ್ಲಿರುವ ಸಾಧನ ಬೇರೆ ಎಂದು ನಿಧಾನವಾಯಿತು. ಪಿಸಿ ಗೇಮ್‌ಗಳಿಗೆ ಕನ್ಸೋಲ್‌ನಲ್ಲಿ ಆಗುವುದೂ ಇದೇ.

ಮೌಸ್ ತೋರಿಸುವುದು ಜಾಗವನ್ನು. ಕೈಯನ್ನು ಎಷ್ಟು ಸರಿಸಿದಿರೋ ಅಷ್ಟೇ ದೂರ ಪರದೆಯ ಬಾಣ ಹೋಗುತ್ತದೆ, ಕೈ ನಿಂತರೆ ಅದೂ ನಿಲ್ಲುತ್ತದೆ. ಕಂಟ್ರೋಲರ್‌ನ ಕಡ್ಡಿ ತೋರಿಸುವುದು ವೇಗವನ್ನು. ಅದನ್ನು ಒಂದು ಕಡೆಗೆ ಒತ್ತಿ ಹಿಡಿದಷ್ಟು ಹೊತ್ತು ಬಾಣ ಓಡುತ್ತಲೇ ಇರುತ್ತದೆ. ಬೇಕಾದ ಜಾಗ ಬಂದಾಗ ಸರಿಯಾದ ಕ್ಷಣಕ್ಕೆ ಬಿಡಬೇಕು. ಕೇರಂ ಬೋರ್ಡ್‌ನಲ್ಲಿ ಸ್ಟ್ರೈಕರನ್ನು ಬೆರಳಿನಿಂದ ಇಡುವುದಕ್ಕೂ, ರಿಮೋಟ್ ಕಾರನ್ನು ಓಡಿಸಿ ಅದೇ ಗೆರೆಯ ಮೇಲೆ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ ಇದು.

ಕಾರ್ ಓಡಿಸುವ, ಓಡಿ ಜಿಗಿಯುವ ಆಟಗಳಿಗೆ ಕಡ್ಡಿಯೇ ಚೆನ್ನ. ಎಷ್ಟು ತಿರುಗಬೇಕು, ಎಷ್ಟು ಜೋರಾಗಿ ಹೋಗಬೇಕು ಎಂಬುದನ್ನು ಅದು ಮೃದುವಾಗಿ ಹೇಳಬಲ್ಲದು. ಕೀಬೋರ್ಡ್‌ನ ಕೀಗೆ ಒತ್ತಿದೆ ಅಥವಾ ಒತ್ತಿಲ್ಲ ಎಂಬ ಎರಡೇ ಸ್ಥಿತಿ. ಆದರೆ ಸೈನ್ಯ ಕಟ್ಟಿ, ಊರು ಕಟ್ಟಿ ಆಡುವ ಸ್ಟ್ರಾಟಜಿ ಗೇಮ್‌ಗಳಲ್ಲಿ ಕಥೆ ಉಲ್ಟಾ.

‘ಏಜ್ ಆಫ್ ಎಂಪೈರ್ಸ್ 2’ ನೆನಪಿಸಿಕೊಳ್ಳಿ. 1999ರಲ್ಲಿ ಬಂದ ಈ ಗೇಮ್‌ನಲ್ಲಿ ಹತ್ತು ಜನ ಕೂಲಿಗಳನ್ನು ಮರ ಕಡಿಯಲು, ಐದು ಜನರನ್ನು ಹೊಲಕ್ಕೆ, ಇಪ್ಪತ್ತು ಸೈನಿಕರನ್ನು ಗಡಿಗೆ ಕಳಿಸಬೇಕು, ಅದೂ ಎದುರಾಳಿ ದಾಳಿ ಮಾಡುವ ಮೊದಲೇ. ಮೌಸ್‌ನಿಂದ ಅವರ ಸುತ್ತ ಒಂದು ಚೌಕ ಎಳೆದು, ಹೋಗಬೇಕಾದ ಕಡೆ ಕ್ಲಿಕ್ ಮಾಡಿದರೆ ಆಯಿತು. ‘ಸ್ಟಾರ್‌ಕ್ರಾಫ್ಟ್’ನ ವೃತ್ತಿಪರ ಆಟಗಾರರು ಕೀಬೋರ್ಡ್, ಮೌಸ್ ಎರಡೂ ಸೇರಿಸಿ ನಿಮಿಷಕ್ಕೆ 300ಕ್ಕೂ ಹೆಚ್ಚು ಆಜ್ಞೆ ಕೊಡುತ್ತಾರೆ. ಕೀಬೋರ್ಡ್‌ನಲ್ಲಿ ನೂರರ ಆಸುಪಾಸು ಕೀಗಳು, ಕಂಟ್ರೋಲರ್‌ನಲ್ಲಿ ಇಪ್ಪತ್ತರೊಳಗಿನ ಬಟನ್‌ಗಳು. ಇದ್ದುದನ್ನು ಇದ್ದ ಹಾಗೆ ತಂದರೆ ಆಟ ಆಡುವಂತಿರುವುದಿಲ್ಲ.

ಇದನ್ನು ಪ್ರಯತ್ನಿಸಿಯೂ ನೋಡಿದ್ದಾರೆ. ಸ್ಟಾರ್‌ಕ್ರಾಫ್ಟ್ 2000ನೇ ಇಸವಿಯಲ್ಲಿ ನಿಂಟೆಂಡೊ 64 ಕನ್ಸೋಲ್‌ಗೆ ಬಂದಿತ್ತು, ಏಜ್ ಆಫ್ ಎಂಪೈರ್ಸ್ 2 ಪ್ಲೇಸ್ಟೇಷನ್ 2ಕ್ಕೂ ಬಂದಿತ್ತು. ಎರಡೂ ಪಿಸಿಯಲ್ಲಿ ಪಡೆದಂಥ ಹೆಸರನ್ನು ಕನ್ಸೋಲ್‌ನಲ್ಲಿ ಪಡೆಯಲಿಲ್ಲ.

## ಹಾಗಾದರೆ ಗೆದ್ದವರು ಏನು ಮಾಡಿದರು?

ಗೆದ್ದವರು ಆಟವನ್ನು ನಕಲು ಮಾಡಲಿಲ್ಲ, ಮತ್ತೆ ಯೋಚಿಸಿದರು.

ಏಜ್ ಆಫ್ ಎಂಪೈರ್ಸ್ ಮಾಡಿದ ಎನ್ಸೆಂಬಲ್ ಸ್ಟುಡಿಯೋಸ್ ತಂಡವೇ ಎಕ್ಸ್‌ಬಾಕ್ಸ್ 360ಕ್ಕೆಂದು ‘ಹೇಲೋ ವಾರ್ಸ್’ ಎಂಬ ಬೇರೆ ಗೇಮನ್ನು ಮಾಡಿತು. 2009ರಲ್ಲಿ ಬಂದ ಅದರಲ್ಲಿ ಊರು ಕಟ್ಟುವ ಕೆಲಸವನ್ನು ತೀರಾ ಸರಳ ಮಾಡಿ, ಎಲ್ಲವನ್ನೂ ಕಂಟ್ರೋಲರ್‌ನ ಲೆಕ್ಕದಲ್ಲೇ ಜೋಡಿಸಿದ್ದರು.

‘ಡಿಯಾಬ್ಲೊ 3’ 2012ರಲ್ಲಿ ಪಿಸಿಗೆ, 2013ರಲ್ಲಿ ಕನ್ಸೋಲ್‌ಗೆ ಬಂತು. ಪಿಸಿಯಲ್ಲಿ ನೆಲದ ಮೇಲೆ ಕ್ಲಿಕ್ ಮಾಡಿದರೆ ನಿಮ್ಮ ವೀರ ಅಲ್ಲಿಗೆ ನಡೆಯುತ್ತಾನೆ. ಕನ್ಸೋಲ್‌ನಲ್ಲಿ ಕಡ್ಡಿಯಿಂದ ನೇರವಾಗಿ ಅವನನ್ನೇ ಓಡಿಸುವಂತೆ ಬದಲಾಯಿಸಿದರು. ಪೆಟ್ಟು ತಪ್ಪಿಸಿಕೊಂಡು ಉರುಳುವ ಹೊಸ ಚಲನೆಯನ್ನೂ ಸೇರಿಸಿದರು. ಅದು ಪಿಸಿಯಲ್ಲಿ ಇರಲೇ ಇಲ್ಲ.

ಏಜ್ ಆಫ್ ಎಂಪೈರ್ಸ್ 2ರ ಹೊಸ ಆವೃತ್ತಿ 2019ರ ನವೆಂಬರ್‌ನಲ್ಲಿ ಪಿಸಿಗೆ ಬಂದರೆ, ಎಕ್ಸ್‌ಬಾಕ್ಸ್‌ಗೆ ಬಂದದ್ದು 2023ರ ಜನವರಿಯಲ್ಲಿ. ಮೂರು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಬರೀ ನಕಲಲ್ಲ. ‘ಹೆಚ್ಚು ಜನ ಆಹಾರಕ್ಕೆ, ಉಳಿದವರು ಮರಕ್ಕೆ’ ಎಂದು ಒಮ್ಮೆ ಹೇಳಿಬಿಟ್ಟರೆ ಕೂಲಿಗಳು ತಾವೇ ಹಂಚಿಕೊಂಡು ಕೆಲಸ ಮಾಡುವ ವ್ಯವಸ್ಥೆಯನ್ನು ಕಂಟ್ರೋಲರ್ ಹಿಡಿದವರಿಗಾಗಿಯೇ ಮಾಡಿದರು. 2025ರಲ್ಲಿ ಅದು ಪ್ಲೇಸ್ಟೇಷನ್ 5ಕ್ಕೂ ಬಂತು.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಥರದ ಗೇಮ್‌ಗಳೂ ಇದಕ್ಕೆ ಹೊರತಲ್ಲ. ಹತ್ತಾರು ಶಕ್ತಿಗಳನ್ನು ಹತ್ತಾರು ಕೀಗಳಿಗೆ ಕಟ್ಟಿಕೊಂಡು, ಸಾವಿರಾರು ಜನರ ಜೊತೆ ಆಡುವ ಅದೇ ಜಾತಿಯ ‘ಫೈನಲ್ ಫ್ಯಾಂಟಸಿ 14’ 2013ರಲ್ಲಿ ಪ್ಲೇಸ್ಟೇಷನ್ 3ರಲ್ಲೇ ಓಡಿತು. ಹೆಗಲ ಬಟನ್ ಒತ್ತಿ ಹಿಡಿದರೆ ಉಳಿದ ಬಟನ್‌ಗಳ ಅರ್ಥ ಬದಲಾಗುವಂತೆ ಅದರಲ್ಲಿ ಮೊದಲಿನಿಂದಲೇ ಏರ್ಪಾಡು ಮಾಡಿದ್ದರು. ಅಂದರೆ ಇದು ಅಸಾಧ್ಯವಲ್ಲ. ಮನೆ ಕಟ್ಟುವಾಗಲೇ ಲಿಫ್ಟ್‌ಗೆ ಜಾಗ ಬಿಟ್ಟರೆ ಸುಲಭ, ಇಪ್ಪತ್ತು ವರ್ಷದ ಹಳೇ ಮನೆಗೆ ಲಿಫ್ಟ್ ಕೂರಿಸುವುದು ಕಷ್ಟ.

ಕಣ್ಣಿನ ಲೆಕ್ಕವೂ ಇದೆ. ಪಿಸಿಯ ಮುಂದೆ ಕೂರುವುದು ಒಂದೆರಡು ಅಡಿ ದೂರದಲ್ಲಿ, ಟಿವಿಯ ಮುಂದೆ ಆರರಿಂದ ಹತ್ತು ಅಡಿ ದೂರದಲ್ಲಿ. ರಾಜವಂಶಗಳ ಆಟ ‘ಕ್ರುಸೇಡರ್ ಕಿಂಗ್ಸ್ 3’ರಲ್ಲಿ ಪರದೆ ತುಂಬ ಸಣ್ಣ ಅಕ್ಷರ, ಪಟ್ಟಿ, ಚಿಹ್ನೆಗಳು. 2020ರಲ್ಲಿ ಪಿಸಿಗೆ ಬಂದ ಅದು 2022ರಲ್ಲಿ ಕನ್ಸೋಲ್‌ಗೆ ಬರುವಾಗ ಆ ಪಟ್ಟಿಗಳನ್ನೆಲ್ಲ ಸೋಫಾದಿಂದ ಓದುವಂತೆ, ಕಂಟ್ರೋಲರ್‌ನಿಂದ ತಿರುವಿಹಾಕುವಂತೆ ಹೊಸದಾಗಿ ಜೋಡಿಸಬೇಕಾಯಿತು.

## ನಂಬಿಕೆ 2: ‘ಫೈಲ್ ಕಾಪಿ ಮಾಡಿದರೆ ಓಡುತ್ತದೆ’

ಓಡುವುದಿಲ್ಲ. ಗೇಮ್ ಎಂದರೆ ಯಂತ್ರಕ್ಕೆ ಕೊಟ್ಟ ಆಜ್ಞೆಗಳ ದೊಡ್ಡ ಗಂಟು. ಒಂದೊಂದು ಯಂತ್ರಕ್ಕೂ ಅದರದೇ ಭಾಷೆ.

ಪ್ಲೇಸ್ಟೇಷನ್ 3ರಲ್ಲಿದ್ದ ‘ಸೆಲ್’ ಎಂಬ ಪ್ರೊಸೆಸರ್ ಮಾಮೂಲಿ ಪಿಸಿಗಿಂತ ತೀರಾ ಬೇರೆ ರಚನೆಯದು. ಒಂದು ಮುಖ್ಯ ಭಾಗ, ಅದರ ಕೈಕೆಳಗೆ ಹಲವು ಸಹಾಯಕ ಭಾಗಗಳು. ಕೆಲಸವನ್ನು ಅವುಗಳಿಗೆ ಬಿಡಿಬಿಡಿಯಾಗಿ ಹಂಚದೇ ಹೋದರೆ ಗೇಮ್ ತೆವಳುತ್ತಿತ್ತು. ಪಿಸಿ ಗೇಮ್ ಮಾಡುವವರಿಗೆ ಅದು ತಲೆನೋವಾಗಿತ್ತು. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಪಿಸಿಯ ಜಾತಿಯ ಪ್ರೊಸೆಸರನ್ನೇ ಬಳಸಿದವು. ಪಿಸಿ ಗೇಮ್‌ಗಳು ಕನ್ಸೋಲ್‌ಗೆ ಬರುವ ದಾರಿ ಅಲ್ಲಿಂದ ಬಹಳ ಸಲೀಸಾಯಿತು.

ಆದರೂ ಪೂರ್ತಿ ಒಂದೇ ಆಗಲಿಲ್ಲ. ಚಿತ್ರ ಬಿಡಿಸಲು ಗ್ರಾಫಿಕ್ಸ್ ಚಿಪ್‌ಗೆ ಆಜ್ಞೆ ಕೊಡುವ ಪದ್ಧತಿ ವಿಂಡೋಸ್‌ನಲ್ಲಿ ಒಂದು, ಪ್ಲೇಸ್ಟೇಷನ್‌ನಲ್ಲಿ ಇನ್ನೊಂದು, ಸ್ವಿಚ್‌ನಲ್ಲಿ ಮತ್ತೊಂದು. 2017ರ ಸ್ವಿಚ್‌ನಲ್ಲಿರುವ ಪ್ರೊಸೆಸರ್ ಮೊಬೈಲ್ ಫೋನ್‌ನ ಜಾತಿಯದು, ಮೆಮೊರಿ 4 ಜಿಬಿ ಮಾತ್ರ. ಕಾರ್ಖಾನೆ ಕಟ್ಟುವ ‘ಫ್ಯಾಕ್ಟೋರಿಯೊ’ ಪಿಸಿಯಲ್ಲಿ ಪೂರ್ಣಗೊಂಡದ್ದು 2020ರಲ್ಲಿ, ಸ್ವಿಚ್‌ಗೆ ಬಂದದ್ದು 2022ರಲ್ಲಿ. ಪಿಸಿ ಅಭಿಮಾನಿಗಳು ತಾವೇ ಬರೆದು ಹಂಚುವ ‘ಮಾಡ್’ ಎಂಬ ಹೆಚ್ಚುವರಿಗಳನ್ನು ಅದರಲ್ಲಿ ಬಿಡಬೇಕಾಯಿತು.

ಈ ಮಾಡ್‌ಗಳದ್ದು ಕನ್ಸೋಲ್ ಬಳಗದ ಇನ್ನೊಂದು ಕೊರಗು. ಪಿಸಿಯಲ್ಲಿ ಆಟಗಾರರೇ ಹೊಸ ಊರು, ಹೊಸ ಆಯುಧ, ಹೊಸ ನಿಯಮ ಸೇರಿಸಿಕೊಳ್ಳಬಹುದು. ಕನ್ಸೋಲ್‌ನಲ್ಲಿ ಯಾರೋ ಬರೆದ ಕೋಡ್ ಒಳಗೆ ಬರಲು ಕಾವಲುಗಾರ ಬಿಡಬೇಕು. ‘ಫಾಲ್‌ಔಟ್ 4’ಕ್ಕೆ 2016ರಲ್ಲಿ ಎರಡೂ ಕನ್ಸೋಲ್‌ಗಳಲ್ಲಿ ಮಾಡ್ ಸೌಲಭ್ಯ ಬಂತು. ಆದರೆ ಪ್ಲೇಸ್ಟೇಷನ್‌ನಲ್ಲಿ ಗೇಮ್‌ನಲ್ಲಿ ಮೊದಲೇ ಇರುವ ವಸ್ತುಗಳನ್ನು ಮಾತ್ರ ಬಳಸಬೇಕು, ಹೊರಗಿನ ಚಿತ್ರ, ಧ್ವನಿ ತರುವಂತಿಲ್ಲ ಎಂಬ ಕಟ್ಟುಪಾಡಿನೊಂದಿಗೆ.

## ಅಂಗಡಿಯ ಬಾಗಿಲು: ಪರೀಕ್ಷೆ, ಖರ್ಚು, ಲಾಭ

ಕನ್ಸೋಲ್‌ನಲ್ಲಿ ಗೇಮ್ ಮಾರಬೇಕಾದರೆ ಸೋನಿ, ಮೈಕ್ರೋಸಾಫ್ಟ್ ಅಥವಾ ನಿಂಟೆಂಡೊದ ಒಪ್ಪಿಗೆ ಬೇಕು. ಪ್ರತಿ ಗೇಮ್ ಆ ಕಂಪನಿಯ ಪರೀಕ್ಷೆ ಪಾಸಾಗಬೇಕು. ಆಟದ ಮಧ್ಯೆ ಕಂಟ್ರೋಲರ್ ಬ್ಯಾಟರಿ ಮುಗಿದರೆ, ನೆಟ್ ಹೋದರೆ, ಜಾಗ ತುಂಬಿದರೆ ಗೇಮ್ ಹೇಗೆ ನಡೆದುಕೊಳ್ಳುತ್ತದೆ ಎಂಬಂಥ ಚಿಕ್ಕಪುಟ್ಟ ವಿಷಯಗಳನ್ನೂ ನೋಡುತ್ತಾರೆ. ಆಟಗಾರರಿಗೆ ಇದು ಒಳ್ಳೆಯದೇ. ನಾಲ್ಕೈದು ಜನರ ಚಿಕ್ಕ ತಂಡಕ್ಕೆ ಮಾತ್ರ ಹೊರೆ.

2012ರಲ್ಲಿ ‘ಫೆಜ್’ ಎಂಬ ಚಿಕ್ಕ ಗೇಮ್‌ನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಎಕ್ಸ್‌ಬಾಕ್ಸ್ 360ರಲ್ಲಿ ಅದರ ದೋಷ ಸರಿಪಡಿಸಲು ಬಿಟ್ಟ ಅಪ್‌ಡೇಟ್‌ನಿಂದ ಕೆಲವರ ಉಳಿಸಿಟ್ಟ ಆಟವೇ ಕೆಟ್ಟುಹೋಗುತ್ತಿತ್ತು. ಇನ್ನೊಂದು ಅಪ್‌ಡೇಟ್ ಬಿಡಬೇಕಾದರೆ ಮರುಪರೀಕ್ಷೆಗೆ ಹತ್ತಾರು ಸಾವಿರ ಡಾಲರ್ ತೆರಬೇಕಾಗುತ್ತದೆ, ಅದು ತಮ್ಮ ಕೈಲಾಗದು ಎಂದು ತಂಡ ಹೇಳಿತು. ಮುಂದಿನ ವರ್ಷ ಮೈಕ್ರೋಸಾಫ್ಟ್ ಅಂಥ ಶುಲ್ಕ ಕೈಬಿಟ್ಟಿತು. ಶುಲ್ಕ ಹೋದರೂ ಪರೀಕ್ಷೆ ಹೋಗಿಲ್ಲ.

ಕೊನೆಗೆ ಲಾಭದ ಲೆಕ್ಕ. ಡೋಟಾ 2 ಮತ್ತು ‘ಕೌಂಟರ್-ಸ್ಟ್ರೈಕ್ 2’ ಎರಡೂ ವಾಲ್ವ್ ಕಂಪನಿಯವು. ಪಿಸಿ ಗೇಮ್‌ಗಳ ದೊಡ್ಡ ಅಂಗಡಿಯಾದ ‘ಸ್ಟೀಮ್’ ಕೂಡ ವಾಲ್ವ್‌ದೇ. ತನ್ನದೇ ಅಂಗಡಿಯಲ್ಲಿ ಜನ ತುಂಬಿರುವಾಗ ಬೇರೆಯವರ ಅಂಗಡಿಗೆ ಹೋಗಿ ಪಾಲು ಕೊಡುವ ಅವಸರ ಅದಕ್ಕಿಲ್ಲ ಎಂಬುದು ಸಹಜ ಊಹೆ. ಹಿಂದಿನ ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ 2012ರಲ್ಲಿ ಕನ್ಸೋಲ್‌ಗೂ ಬಂದಿತ್ತು. 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2 ಮಾತ್ರ ಪಿಸಿಗಷ್ಟೇ ಸೀಮಿತವಾಯಿತು.

## ನಂಬಿಕೆ 3: ‘ಕೀಬೋರ್ಡ್, ಮೌಸ್ ಸಿಕ್ಕಿಸಿದರೆ ಮುಗಿಯಿತು’

ಪ್ಲೇಸ್ಟೇಷನ್ 5ಕ್ಕೂ ಎಕ್ಸ್‌ಬಾಕ್ಸ್‌ಗೂ ಕೀಬೋರ್ಡ್, ಮೌಸ್ ಸಿಕ್ಕಿಸಬಹುದು ಎಂಬುದು ನಿಜ. ಆದರೆ ಆ ಗೇಮ್ ಅದನ್ನು ಒಪ್ಪಿಕೊಳ್ಳುವಂತೆ ಮಾಡಿರಬೇಕು. ಎಲ್ಲರೂ ಒಪ್ಪದಿರುವುದಕ್ಕೆ ಕಾರಣ ನ್ಯಾಯ. ಗುರಿಯಿಟ್ಟು ಗುಂಡು ಹೊಡೆಯುವ ಆಟದಲ್ಲಿ ಮೌಸ್ ಹಿಡಿದವನ ಎದುರು ಕಡ್ಡಿ ಹಿಡಿದವನು ಸೋಲುವುದೇ ಹೆಚ್ಚು. ಹಾಗಾಗಿ ಕನ್ಸೋಲ್ ಗೇಮ್‌ಗಳು ಗುರಿ ಶತ್ರುವಿನ ಹತ್ತಿರ ಬಂದಾಗ ತುಸು ನಿಧಾನವಾಗುವಂತೆ, ಅಂಟಿಕೊಳ್ಳುವಂತೆ ಗುಟ್ಟಾಗಿ ನೆರವು ಕೊಡುತ್ತವೆ.

‘ವ್ಯಾಲೊರಂಟ್’ 2020ರಲ್ಲಿ ಪಿಸಿಗೆ ಬಂತು. ಕೂದಲೆಳೆಯ ಗುರಿಯೇ ಅದರ ಜೀವ. ಕನ್ಸೋಲ್‌ಗೆ ಬರಲು 2024ರವರೆಗೆ ಕಾಯಬೇಕಾಯಿತು. ಬಂದಾಗಲೂ ಪಿಸಿಯವರು ಪಿಸಿಯವರ ಜೊತೆಗೆ, ಕನ್ಸೋಲ್‌ನವರು ಕನ್ಸೋಲ್‌ನವರ ಜೊತೆಗೆ ಮಾತ್ರ ಆಡಬೇಕೆಂದು ಬೇಲಿ ಹಾಕಿದರು.

## ಈಗ ಮೊಬೈಲ್‌ಗೆ ಬರೋಣ

ಇಷ್ಟೆಲ್ಲ ಓದಿದ ಮೇಲೆ, ‘ಪಿಸಿ ಗೇಮ್ ಈಗ ನಿಮ್ಮ ಫೋನ್‌ನಲ್ಲಿ ಉಚಿತ’ ಎಂಬ ಲಿಂಕ್ ಅನ್ನು ಮತ್ತೊಮ್ಮೆ ನೋಡಿ. ಕನ್ಸೋಲ್‌ಗೇ ಇಷ್ಟು ಕಷ್ಟವಾದರೆ ಫೋನ್‌ಗೆ? ಅಲ್ಲಿ ಬಟನ್ನೇ ಇಲ್ಲ, ಪರದೆ ಅಂಗೈಯಗಲ, ಪ್ರೊಸೆಸರ್ ಬೇರೆ ಜಾತಿಯದು, ಬಿಸಿಯಾದರೆ ತಣಿಸಲು ಫ್ಯಾನೂ ಇಲ್ಲ.

ಆದರೂ ಕೆಲವು ಗೇಮ್‌ಗಳು ನಿಜವಾಗಿ ಬಂದಿವೆ. ನಮ್ಮವರಿಗೆ ಚೆನ್ನಾಗಿ ಗೊತ್ತಿರುವುದು ‘ಪಬ್‌ಜಿ’. 2017ರಲ್ಲಿ ಅದು ಪಿಸಿ ಗೇಮ್. 2018ರಲ್ಲಿ ಬಂದ ‘ಪಬ್‌ಜಿ ಮೊಬೈಲ್’ ಅದರ ನಕಲಲ್ಲ. ಬೆರಳಿಗೆ ತಕ್ಕಂತೆ ಬಟನ್‌ಗಳು, ಫೋನ್ ತಡೆಯುವಷ್ಟು ಚಿತ್ರಗಳು, ತಾನಾಗಿ ವಸ್ತು ಎತ್ತಿಕೊಳ್ಳುವ ಸೌಲಭ್ಯ, ಹೀಗೆ ಬೇರೆ ತಂಡ ಕೂತು ಮತ್ತೆ ಕಟ್ಟಿದ ಗೇಮ್ ಅದು. ಭಾರತ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಷೇಧಿಸಿದ ಮೇಲೆ 2021ರಲ್ಲಿ ‘ಬಿಜಿಎಂಐ’ ಬಂತು. 2004ರ ಪಿಸಿ ಗೇಮ್ ‘ರೋಮ್: ಟೋಟಲ್ ವಾರ್’ ಐಪ್ಯಾಡ್‌ಗೆ ಬಂದದ್ದು 2016ರಲ್ಲಿ, ಆಂಡ್ರಾಯ್ಡ್‌ಗೆ ಅದಕ್ಕೂ ಎರಡು ವರ್ಷದ ನಂತರ. ‘ಜಿಟಿಎ: ಸ್ಯಾನ್ ಆಂಡ್ರಿಯಾಸ್’ ಕೂಡ 2013ರಲ್ಲಿ ಅಧಿಕೃತವಾಗಿಯೇ ಫೋನ್‌ಗೆ ಬಂದಿದೆ.

‘ಜಿಟಿಎ 5’ ಹಾಗಲ್ಲ. ಅದಕ್ಕೆ ಮೊಬೈಲ್ ಆವೃತ್ತಿಯೇ ಬಂದಿಲ್ಲ. 2015ರಲ್ಲಿ ಪಿಸಿಗೆ ಬಂದಾಗಲೇ ಅದು 65 ಜಿಬಿ ಜಾಗ ಕೇಳಿತ್ತು. ಫಾರ್ವರ್ಡ್‌ನಲ್ಲಿ ಬರುವ ಪುಟ್ಟ ಎಪಿಕೆ ಫೈಲ್‌ನಲ್ಲಿ ಅದು ಅಡಗಿ ಕೂರಲು ಸಾಧ್ಯವಿಲ್ಲ.

ಆ ಫೈಲ್‌ನಲ್ಲಿ ಏನಿರಬಹುದು? 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಪ್ಲೇಸ್ಟೇಷನ್‌ನಲ್ಲೇ ತತ್ತರಿಸುತ್ತಿದ್ದಾಗ, ಅದರ ‘ಮೊಬೈಲ್ ಬೀಟಾ’ ಎಂಬ ಆಂಡ್ರಾಯ್ಡ್ ಆ್ಯಪ್ ಒಂದು ಕಾಣಿಸಿಕೊಂಡಿತು. ಗೂಗಲ್ ಪ್ಲೇ ಸ್ಟೋರ್ ಥರವೇ ಕಾಣುವ ನಕಲಿ ಪುಟದಲ್ಲಿ ಅದನ್ನು ಇಟ್ಟಿದ್ದರು. ಕ್ಯಾಸ್ಪರ್‌ಸ್ಕಿ ಭದ್ರತಾ ಕಂಪನಿಯವರು ಪರೀಕ್ಷಿಸಿದಾಗ ಅದರಲ್ಲಿ ಗೇಮ್ ಇರಲೇ ಇಲ್ಲ. ಇದ್ದದ್ದು ಫೋನಿನ ಫೋಟೊ, ಫೈಲ್‌ಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್‌ನಲ್ಲಿ 500 ಡಾಲರ್ ಕೇಳುವ ಕಳ್ಳ ಪ್ರೋಗ್ರಾಂ.

ಅಧಿಕೃತ ಅಂಗಡಿಯಲ್ಲೂ ಕಣ್ಣು ತೆರೆದಿರಬೇಕು. ಪಿಸಿ ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ಮಾತ್ರ ಇದ್ದ ‘ಕಪ್‌ಹೆಡ್’ ಗೇಮ್ 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಆ್ಯಪ್ ಸ್ಟೋರ್‌ನಲ್ಲೂ ಕಂಡಿತ್ತು, ಹಣ ಕೊಟ್ಟು ಕೊಳ್ಳಬೇಕಿತ್ತು. ಅದು ನಕಲಿ ಎಂದು ಗೇಮ್ ಮಾಡಿದವರೇ ಹೇಳಿದ ಮೇಲೆ ತೆಗೆದುಹಾಕಿದರು.

ಆಸೆ ಹೆಚ್ಚಿರುವ ಕಡೆಯೇ ಮೋಸಗಾರ ಬಲೆ ಹಾಕುವುದು. ಎಲ್ಲರೂ ಬೇಕು ಬೇಕು ಎನ್ನುವ, ಆದರೆ ಇನ್ನೂ ಬಾರದ ಗೇಮ್‌ನ ಹೆಸರೇ ಅವನಿಗೆ ಬಂಡವಾಳ.

## ಫಾರ್ವರ್ಡ್ ಮಾಡುವ ಮೊದಲು ಐದು ಪ್ರಶ್ನೆ

1. ಗೇಮ್ ಮಾಡಿದ ಕಂಪನಿ ಹೇಳಿದೆಯೇ? ಕಂಪನಿಯ ಸ್ವಂತ ವೆಬ್‌ಸೈಟ್ ಅಥವಾ ದೃಢೀಕೃತ ಖಾತೆ ನೋಡಿ. ಇಷ್ಟು ಕಷ್ಟಪಟ್ಟು ಹೊಸ ಯಂತ್ರಕ್ಕೆ ಗೇಮ್ ತಂದ ಕಂಪನಿ ಅದನ್ನು ಗುಟ್ಟಾಗಿ ವಾಟ್ಸಾಪ್‌ನಲ್ಲಿ ಹಂಚುವುದಿಲ್ಲ, ಡಂಗುರ ಸಾರುತ್ತದೆ.

2. ಅಧಿಕೃತ ಅಂಗಡಿಯಲ್ಲಿದೆಯೇ? ಸಂದೇಶದ ಲಿಂಕ್ ಒತ್ತಬೇಡಿ. ನೀವೇ ಪ್ಲೇ ಸ್ಟೋರ್ ಅಥವಾ ಕನ್ಸೋಲ್‌ನ ಅಂಗಡಿ ತೆರೆದು ಹುಡುಕಿ. ಗೇಮ್‌ನ ಹೆಸರಿನ ಕೆಳಗೆ ಇರುವ ತಯಾರಕರ ಹೆಸರನ್ನೂ ಓದಿ.

3. ಗಾತ್ರ ಹೊಂದುತ್ತದೆಯೇ? ಕೆಲವು ಅಸಲಿ ಆ್ಯಪ್‌ಗಳು ಉಳಿದ ಫೈಲ್‌ಗಳನ್ನು ಆಮೇಲೆ ಇಳಿಸಿಕೊಳ್ಳುತ್ತವೆ, ನಿಜ. ಆದರೆ ಹತ್ತಾರು ಜಿಬಿಯ ಗೇಮ್ ‘ಪೂರ್ತಿ’ 40 ಎಂಬಿಯಲ್ಲಿ ಇದೆ ಎಂದರೆ ಸುಳ್ಳು.

4. ಏನೇನು ಅನುಮತಿ ಕೇಳುತ್ತಿದೆ? ಗೇಮ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಅಗತ್ಯವಿಲ್ಲ. ‘ಆ್ಯಕ್ಸೆಸಿಬಿಲಿಟಿ’ ಅನುಮತಿಯಂತೂ ಬೇಡವೇ ಬೇಡ. ಅದನ್ನು ಕೊಟ್ಟರೆ ಆ ಆ್ಯಪ್ ನಿಮ್ಮ ಪರದೆ ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಬಹುದು. ಒಟಿಪಿ ಕಳವಾಗುವ ದಾರಿಗಳು ಇವೇ.

5. ‘ಹತ್ತು ಜನರಿಗೆ ಕಳಿಸಿ’ ಎನ್ನುತ್ತಿದೆಯೇ? ಹಾಗೆ ಕೇಳುವ ಲಿಂಕ್‌ಗೆ ಗೇಮ್ ಬೇಕಿಲ್ಲ, ನಿಮ್ಮ ಹೆಸರಿನ ಮೇಲಿನ ನಂಬಿಕೆ ಬೇಕು.

## ಈಗಾಗಲೇ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ?

ಗಾಬರಿ ಬೇಡ, ತಡವೂ ಬೇಡ. ಮೊದಲು ಫೋನ್‌ನ ನೆಟ್ ಮತ್ತು ವೈಫೈ ಆಫ್ ಮಾಡಿ. ಆ ಆ್ಯಪ್ ತೆಗೆದುಹಾಕಿ. ಹೋಗದಿದ್ದರೆ ಫೋನನ್ನು ‘ಸೇಫ್ ಮೋಡ್’ನಲ್ಲಿ ಆನ್ ಮಾಡಿ ತೆಗೆಯಲು ನೋಡಿ. ಇನ್ನೊಂದು ಫೋನ್ ಅಥವಾ ಕಂಪ್ಯೂಟರ್‌ನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ. ಹಣ ಹೋಗಿದ್ದರೆ ಕೂಡಲೇ ಬ್ಯಾಂಕ್‌ಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮನೆಯಲ್ಲಿ ಮಕ್ಕಳು ಇನ್‌ಸ್ಟಾಲ್ ಮಾಡಿದ್ದರೆ ಬೈಯುವ ಮೊದಲು ಇದನ್ನೆಲ್ಲ ಮಾಡಿ. ಬೈಗುಳಕ್ಕೆ ಹೆದರಿ ಮಗು ಎರಡು ದಿನ ಮುಚ್ಚಿಟ್ಟರೆ ನಷ್ಟ ನಿಮಗೇ.

## ಕೊನೆಗೆ: ಕಾಯುವುದರಲ್ಲಿ ಅರ್ಥವಿದೆಯೇ?

ಇದೆ. ‘ಸಿವಿಲೈಸೇಷನ್ 6’ 2016ರಲ್ಲಿ ಪಿಸಿಗೆ ಬಂದು, ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗೆ ಬರಲು 2019ರವರೆಗೆ ತೆಗೆದುಕೊಂಡಿತು. ಅದರ ಮುಂದಿನ ‘ಸಿವಿಲೈಸೇಷನ್ 7’ 2025ರ ಫೆಬ್ರವರಿಯಲ್ಲಿ ಪಿಸಿಗೂ ಕನ್ಸೋಲ್‌ಗೂ ಒಟ್ಟಿಗೇ ಬಂತು. ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ 2020ರಲ್ಲಿ ಪಿಸಿಗೆ ಬಂದ ಒಂದೇ ವರ್ಷದಲ್ಲಿ ಎಕ್ಸ್‌ಬಾಕ್ಸ್‌ಗೂ ಬಂತು. ಇನ್ನೊಂದು ಕಡೆಯಿಂದ, ಪಿಸಿಯೇ ಕನ್ಸೋಲ್‌ನ ರೂಪ ತಾಳುತ್ತಿದೆ. 2022ರಲ್ಲಿ ವಾಲ್ವ್ ತಂದ ‘ಸ್ಟೀಮ್ ಡೆಕ್’ ಕೈಯಲ್ಲಿ ಹಿಡಿಯುವ ಪಿಸಿ. ವಿಂಡೋಸ್ ಗೇಮ್‌ನ ಆಜ್ಞೆಗಳನ್ನು ಆಡುವಾಗಲೇ ಅನುವಾದ ಮಾಡಿಕೊಂಡು ಅದು ಓಡಿಸುತ್ತದೆ. ಅದರಲ್ಲೂ ಎಲ್ಲ ಗೇಮ್‌ಗಳು ಆಡಲು ಬರುವುದಿಲ್ಲ. ಅಕ್ಷರ ಓದಲಾಗದಷ್ಟು ಚಿಕ್ಕದಾಗುವುದು, ಕೀಬೋರ್ಡ್ ಇಲ್ಲದೆ ಪರದಾಡುವುದು ಅಲ್ಲೂ ಇದೆ. ಯಂತ್ರದ ಗೋಡೆ ಒಡೆದರೂ ಕೈ ಮತ್ತು ಕಣ್ಣಿನ ಗೋಡೆ ಉಳಿಯುತ್ತದೆ.

ಹಾಗಾಗಿ ನಿಮ್ಮ ಇಷ್ಟದ ಗೇಮ್ ಕನ್ಸೋಲ್‌ಗೆ ಬಂದಿಲ್ಲವೆಂದರೆ ಯಾರೋ ಬಟನ್ ಒತ್ತಲು ಮರೆತಿದ್ದಾರೆ ಎಂದರ್ಥವಲ್ಲ. ಅದನ್ನು ನಿಮ್ಮ ಕೈಗೆ ಒಗ್ಗಿಸುವ ಕೆಲಸವನ್ನು ಯಾರೂ ಇನ್ನೂ ಮುಗಿಸಿಲ್ಲ, ಅಥವಾ ಶುರು ಮಾಡಿಲ್ಲ ಎಂದರ್ಥ. ಆ ಕೆಲಸ ಮುಗಿದ ದಿನ ಸುದ್ದಿ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕೂ ಮೊದಲು ವಾಟ್ಸಾಪ್‌ನಲ್ಲಿ ಬಂದರೆ, ಅದನ್ನು ಅಲ್ಲಿಗೇ ಬಿಡಿ, ಮುಂದಕ್ಕೆ ಕಳಿಸಬೇಡಿ.